ವೈಜನಾಥ ಬಿರಾದಾರರ ಐನೂರು ಸಿನಿಮಾಗಳ ಪಟ್ಟಿ ಎಲ್ಲಿದೆ? ಮಂಡಳಿ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರು,
ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ,
ಕಲಬುರಗಿ

ಮಾನ್ಯರೇ, ನಮಸ್ಕಾರ.

ಭಾಲ್ಕಿ ತಾಲ್ಲೂಕಿನ ತೇಗಂಪುರದ ನಟ ವೈಜನಾಥ ಬಿರಾದಾರ ಅವರ ಕೆಲಸವನ್ನು ಸಾದ್ಯಂತ ದಾಖಲಿಸುವ ಹೊಣೆಯನ್ನು ಮಂಡಳಿ ಈ ವರ್ಷವೇ ವಹಿಸಿಕೊಳ್ಳಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇವೆ. ಅವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಬೇಕಾದಷ್ಟು ಸಂದಿವೆ. ಅವರ ನಟನೆ ಹೇಗೆ ಕೂಡಿಬಂತು ಎಂಬುದನ್ನು ಅವರ ಬಾಯಿಂದಲೇ ಕೇಳಿ, ಕ್ಯಾಮೆರಾ ಮುಂದೆ ಮಾಡಿಸಿ, ಜೋಪಾನ ಮಾಡುವ ಕೆಲಸ ಬಾಕಿ ಇದೆ.

ರಂಗಭೂಮಿಯಿಂದ ಬಂದ ಬಿರಾದಾರರು ಸಿನಿಮಾಕ್ಕೆ ಕಾಲಿಟ್ಟಿದ್ದು ಎಂ.ಎಸ್. ಸತ್ಯು ಅವರ ‘ಬರ’ದ ಮೂಲಕ. ಅದು ನಮ್ಮ ಬೀದರ್ ನೆಲದಲ್ಲೇ ಚಿತ್ರೀಕರಣವಾದ ಸಿನಿಮಾ. ಅಲ್ಲಿಂದಾಚೆ ನಾಲ್ಕು ದಶಕ ಭಿಕ್ಷುಕ, ಕುಡುಕ, ಹಳ್ಳಿಯ ಬಡವ ಇಂಥ ಪಾತ್ರಗಳೇ ಅವರ ಪಾಲಿಗೆ ಬಂದವು. ಎರಡು ನಿಮಿಷ ತೆರೆಯ ಮೇಲೆ ಬಂದು, ಜನರನ್ನು ನಗಿಸಿ ಹೋಗುವ ಪಾತ್ರಗಳು. ಗಿರೀಶ ಕಾಸರವಳ್ಳಿ ಅವರ ‘ಕನಸೆಂಬ ಕುದುರೆಯನೇರಿ’ಯಲ್ಲಿ ಉಮಾಶ್ರೀ ಅವರ ಎದುರು ಹೆಣಕ್ಕೆ ಕುಣಿ ತೋಡುವ ಈರ್ಯಾನ ಪಾತ್ರ ಸಿಕ್ಕಾಗ ಅದೇ ನಟ ಇಡೀ ಸಿನಿಮಾವನ್ನು ಹೊತ್ತು ನಡೆದರು. ಆ ಪಾತ್ರಕ್ಕೆ 2011ರಲ್ಲಿ ಸ್ಪೇನ್‌ನ ಇಮ್ಯಾಜಿನ್ ಇಂಡಿಯಾ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. 2023ರಲ್ಲಿ ತೆರೆಕಂಡ ‘90 ಹೊಡಿ ಮನೀಗ್ ನಡಿ’ಯನ್ನು ಅವರ 500ನೇ ಚಿತ್ರ ಎಂದೇ ಪ್ರಚಾರ ಮಾಡಲಾಯಿತು.

ಆದರೆ ಆ ಐನೂರರ ಪಟ್ಟಿ ಹುಡುಕಲು ಕೂತರೆ ಕೈಗೆ ಸಿಗುವುದು ಅಲ್ಪ. ಇಂಟರ್ನೆಟ್‌ನ ಪಟ್ಟಿಗಳು ಆ ಸಂಖ್ಯೆಯ ಹತ್ತಿರಕ್ಕೂ ಬರುವುದಿಲ್ಲ. ಸಣ್ಣ ಪಾತ್ರದ ನಟನ ಹೆಸರು ಎಷ್ಟೋ ಸಲ ಟೈಟಲ್ ಕಾರ್ಡ್‌ನಲ್ಲೇ ಇರುವುದಿಲ್ಲ, ಇದ್ದರೂ ‘ಮುಂತಾದವರು’ ಎಂಬಲ್ಲಿ ಮುಚ್ಚಿಹೋಗಿರುತ್ತದೆ. ಟಿವಿಯಲ್ಲಿ ಬರುವ ಪ್ರತಿಯನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಎರಡೂವರೆ ಗಂಟೆಯ ಚಿತ್ರವನ್ನು ಜಾಹೀರಾತಿನ ಜೊತೆ ಸ್ಲಾಟ್‌ಗೆ ಹೊಂದಿಸುವಾಗ ಮೊದಲು ಕತ್ತರಿ ಬೀಳುವುದು ಹಾಸ್ಯದ ಟ್ರ್ಯಾಕ್‌ಗೆ, ಏಕೆಂದರೆ ಅದನ್ನು ತೆಗೆದರೂ ಕಥೆ ಕೆಡುವುದಿಲ್ಲ. ಹಾಗಾಗಿ ನಾಯಕನ ಸಿನಿಮಾ ಉಳಿದಿದ್ದರೂ ಅದರೊಳಗಿನ ಹಾಸ್ಯನಟ ಉಳಿದಿರುತ್ತಾನೆ ಎನ್ನಲಾಗದು. ಕಿರುತೆರೆಯ ಗತಿ ಇನ್ನೂ ಕೆಟ್ಟದ್ದು. ಟೇಪು ತುಟ್ಟಿಯಾಗಿದ್ದ ಕಾಲದಲ್ಲಿ ಪ್ರಸಾರವಾದ ಕಂತಿನ ಮೇಲೆಯೇ ಹೊಸದನ್ನು ರೆಕಾರ್ಡ್ ಮಾಡುವ ರೂಢಿ ಇತ್ತು.

ಇದಕ್ಕೆ ದಾರಿ ಇದೆ. ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗದ ವಿದ್ಯಾರ್ಥಿಗಳಿಗೆ ಇದನ್ನೇ ಪ್ರಾಜೆಕ್ಟ್ ಆಗಿ ಕೊಡಬಹುದು. ಪ್ರತಿ ಚಿತ್ರಕ್ಕೂ ಒಂದೊಂದು ಹಾಳೆ: ಚಿತ್ರದ ಹೆಸರು, ವರ್ಷ, ನಿರ್ದೇಶಕರು, ಪಾತ್ರ, ಆ ದೃಶ್ಯ ಎಷ್ಟನೇ ನಿಮಿಷದಲ್ಲಿ ಬರುತ್ತದೆ, ದನಿ ಅವರದೇನಾ ಬೇರೆಯವರದಾ, ನೋಡಿದ ಪ್ರತಿ ಯಾವುದು. ಕೊನೆಯ ಎರಡು ಕಲಂ ಬಿಟ್ಟರೆ ಉಳಿದದ್ದೆಲ್ಲ ಬರೀ ಹೆಸರುಗಳ ಗುಡ್ಡೆ. ಸಣ್ಣ ಪಾತ್ರಕ್ಕೆ ಬೇರೆ ಯಾರದೋ ಕಂಠ ಕೂಡಿಸಿ ಮುಗಿಸಿದ್ದುಂಟು, ಆಗ ತೆರೆಯ ಮೇಲೆ ಕಾಣುವುದು ಅರ್ಧ ನಟ ಮಾತ್ರ. ಯಾವ ಪ್ರತಿ ನೋಡಿದೆವು ಎಂದು ಬರೆದಿಡದಿದ್ದರೆ, ಟಿವಿಯವರು ಕತ್ತರಿಸಿದ ದೃಶ್ಯವನ್ನು ‘ಈ ಚಿತ್ರದಲ್ಲಿ ಅವರಿಲ್ಲ’ ಎಂದು ದಾಖಲಿಸಿಬಿಡುತ್ತೇವೆ.

ಪಟ್ಟಿ ಅರ್ಧ ಆದಮೇಲೆ ಚಿತ್ರೀಕರಣ ಶುರುವಾಗಲಿ, ಅದಕ್ಕೆ ಮೊದಲು ಬೇಡ. ‘ನಿಮ್ಮ ಅನುಭವ ಹೇಳ್ರಿ’ ಎಂದು ಕೇಳಿದರೆ ಯಾವ ನಟರಾದರೂ ನೂರು ಸಲ ಹೇಳಿದ ಹತ್ತು ಮಾತನ್ನೇ ಹೇಳುತ್ತಾರೆ. ಅದೇ ಮೂವತ್ತು ವರ್ಷ ಹಿಂದಿನ ಒಂದು ದೃಶ್ಯ ತೋರಿಸಿ, ‘ಇಲ್ಲಿ ಮಾತಿಗೆ ಮುಂಚೆ ಯಾಕ ನಿಂತ್ರಿ?’ ಎಂದು ಕೇಳಿದರೆ ಮರೆತದ್ದೆಲ್ಲ ಈಚೆ ಬರುತ್ತದೆ. ಕೇಳುವವರು ಬೀದರ್ ಕಡೆಯವರೇ ಆಗಿರಬೇಕು. ಎದುರಿಗೆ ಪುಸ್ತಕದ ಕನ್ನಡ ಬಂದರೆ ನಟರೂ ಸಂದರ್ಶನದ ಕನ್ನಡಕ್ಕೆ ಜಾರುತ್ತಾರೆ, ಅಲ್ಲಿಗೆ ಅವರ ಲಯ ಕೈತಪ್ಪುತ್ತದೆ.

ಹೀಗೆ ಕೂಡಿಸಿ ಚಿತ್ರೀಕರಿಸುವ ಒಂದು ಕೂಟ 90 ನಿಮಿಷ ದಾಟಬಾರದು, ದಿನಕ್ಕೆ ಒಂದೇ ಕೂಟ, ಬೆಳಗಿನ ಹೊತ್ತು. ಅಂಥ ಇಪ್ಪತ್ತು ಕೂಟ, ಅಂದರೆ ಮೂವತ್ತು ಗಂಟೆ. ಎರಡು ಕ್ಯಾಮೆರಾ: ಒಂದು ಮುಖಕ್ಕೆ, ಇನ್ನೊಂದು ತಲೆಯಿಂದ ಪಾದದವರೆಗೆ. ಎರಡನೆಯದನ್ನು ಖರ್ಚು ಉಳಿಸಲೆಂದು ಬಿಟ್ಟರೆ ಇಡೀ ಕೆಲಸ ದಂಡ, ಏಕೆಂದರೆ ಹಾಸ್ಯನಟನ ಅರ್ಧ ವಿದ್ಯೆ ಕಾಲಲ್ಲಿ, ಮೊಣಕೈಯಲ್ಲಿ, ಹೆಗಲಲ್ಲಿ ಇರುತ್ತದೆ. ಎದೆಗೆ ಸಿಗಿಸುವ ಮೈಕ್ ಒಂದು, ಮೇಲಿಂದ ಹಿಡಿಯುವ ಬೂಮ್ ಒಂದು, ಎರಡನ್ನೂ ಬೇರೆ ಬೇರೆ ಟ್ರ್ಯಾಕ್‌ನಲ್ಲಿ ರೆಕಾರ್ಡ್ ಮಾಡಬೇಕು. ನಟ ಎದ್ದು ಮಾಡಿ ತೋರಿಸುವಾಗ ಅಂಗಿಗೆ ಉಜ್ಜಿ ಮೊದಲನೆಯದು ಕೆಡುತ್ತದೆ, ಆಗ ಎರಡನೆಯದೇ ಗತಿ. ಫ್ಯಾನು ಆರಿಸಲೇಬೇಕು. ನಮ್ಮ ಏಪ್ರಿಲ್, ಮೇ ಬಿಸಿಲಲ್ಲಿ ಹಿರಿಯರನ್ನು ಫ್ಯಾನಿಲ್ಲದೆ ಕೂಡಿಸುವುದು ತಪ್ಪು. ಆದ್ದರಿಂದ ನವೆಂಬರ್‌ನಿಂದ ಫೆಬ್ರುವರಿಯೊಳಗೆ ಮುಗಿಸಬೇಕು.

ಮಾತಷ್ಟೇ ಸಾಲದು, ಮಾಡಿ ತೋರಿಸಲು ಕೇಳಬೇಕು. ಕುಡುಕನ ಒಂದೇ ಪ್ರವೇಶವನ್ನು ಮೂರು ಬಗೆಯಲ್ಲಿ ಮಾಡಿಸಿ ನೋಡಿ: ನಾಟಕದ ಟೆಂಟಿನಲ್ಲಿ ಹಿಂದಿನ ಸಾಲಿನ ಜನಕ್ಕೆ, ಸಿನಿಮಾದ ಮಿಡ್ ಶಾಟ್‌ಗೆ, ಟಿವಿಯ ಕ್ಲೋಸಪ್‌ಗೆ. ಟೆಂಟಿನಲ್ಲಿ ಕಾಲು ಮೊದಲು ಸೋಲಬೇಕು, ದೂರದಿಂದ ಕಾಣುವುದು ಅದೊಂದೇ. ಮಿಡ್ ಶಾಟ್‌ನಲ್ಲಿ ಕಾಲು ಫ್ರೇಮಿನಲ್ಲೇ ಇಲ್ಲ, ಅಲ್ಲಿ ಕೆಲಸ ಮಾಡುವುದು ಕೈ. ಜೇಬು ಹುಡುಕಿಕೊಂಡು ಹೋಗುವ ಕೈ ಜೇಬಿನ ಪಕ್ಕಕ್ಕೆ ಜಾರಬೇಕು. ಕ್ಲೋಸಪ್‌ನಲ್ಲಿ ಎದುರಿನವನ ಮಾತು ಮುಗಿದು ಒಂದು ಕ್ಷಣ ಆದಮೇಲೆ ಕಣ್ಣು ಅವನ ಕಡೆ ತಿರುಗಬೇಕು, ಅಷ್ಟೇ ಸಾಕು. ಹೊಸಬರು ಎಡವುವುದು ಇಲ್ಲೇ: ಕುಡುಕ ಎಂದರೆ ತೂರಾಡುವುದು ಎಂದುಕೊಳ್ಳುತ್ತಾರೆ. ನಿಜವಾದ ಕುಡುಕ ತಾನು ನೆಟ್ಟಗಿದ್ದೇನೆ ಎಂದು ತೋರಿಸಲು ಹೆಣಗುತ್ತಿರುತ್ತಾನೆ, ನಗು ಹುಟ್ಟುವುದು ಆ ಹೆಣಗಾಟದಲ್ಲಿ. ಇದು ಕಂಪನಿ ನಾಟಕದ ಪಾಠ. ಪರದೆಯ ಹಿಂದೆ ಸೀನು ಬದಲಾಗುವಷ್ಟು ಹೊತ್ತು ಪರದೆಯ ಮುಂದೆ ಹಾಸ್ಯಪಾತ್ರಗಳು ಜನರನ್ನು ಹಿಡಿದಿಡಬೇಕಿತ್ತು. ಒಳಗೆ ಸೀನು ತಡವಾದರೆ ಮಾತು ಎಳೆಯಬೇಕು, ಬೇಗ ಮುಗಿದರೆ ಅಲ್ಲೇ ಕಟ್ಟಬೇಕು. ಆ ಗರಡಿಯಲ್ಲಿ ಪಳಗಿದವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ‘ಕಲಿಯುಗದ ಕುಡುಕ’ ನಾಟಕದಿಂದ ಉತ್ತರ ಕರ್ನಾಟಕದ ಮನೆಮನೆಗೂ ಗೊತ್ತಾಗಿದ್ದ ರಾಜು ತಾಳಿಕೋಟೆ 2025ರ ಅಕ್ಟೋಬರ್‌ನಲ್ಲಿ, ಚಿತ್ರೀಕರಣಕ್ಕೆಂದು ಉಡುಪಿ ಕಡೆ ಹೋದಾಗ ಹೃದಯಾಘಾತದಿಂದ ತೀರಿಕೊಂಡರು. ಅವರನ್ನು ಹೀಗೆ ಕೂಡಿಸಿ ಕೇಳುವ ಅವಕಾಶ ಮುಗಿಯಿತು. ಅದಕ್ಕೇ ನಮಗೆ ಈ ಆತುರ.

ಇಂಥ ಕೆಲಸ ಸರ್ಕಾರದ ಕೈಯಲ್ಲಿ ಹೇಗೆ ಕೆಡುತ್ತದೆ ಎಂಬುದನ್ನೂ ಬಿಚ್ಚಿ ಹೇಳುತ್ತೇವೆ, ಮನ್ನಿಸಬೇಕು. ‘ಸಾಕ್ಷ್ಯಚಿತ್ರ’ ಎಂದು ಟೆಂಡರ್ ಕರೆಯಲಾಗುತ್ತದೆ, ಕಡಿಮೆ ದರ ಹೇಳಿದವರಿಗೆ ಕೆಲಸ ಹೋಗುತ್ತದೆ. ಅವರು ಬೀದರ್ ಕೋಟೆಯ ಮೇಲೆ ಡ್ರೋನ್ ಹಾರಿಸಿ, ಗಂಭೀರ ದನಿಯ ನಿರೂಪಣೆ ಕೂಡಿಸಿ, ನಟರ ಮಾತನ್ನು ಆರು ನಿಮಿಷಕ್ಕೆ ಇಳಿಸಿ ಅರ್ಧ ಗಂಟೆಯ ಫೈಲ್ ಕೊಟ್ಟು ಬಿಲ್ ಪಡೆಯುತ್ತಾರೆ. ಉಳಿದ ಇಪ್ಪತ್ತು ಗಂಟೆಯ ಚಿತ್ರಿಕೆ ಅವರ ಹಾರ್ಡ್ ಡಿಸ್ಕ್‌ನಲ್ಲೇ ಉಳಿದು ಮುಂದಿನ ಮದುವೆ ವಿಡಿಯೊಕ್ಕೆ ಜಾಗ ಬಿಡುತ್ತದೆ. ಆದ್ದರಿಂದ ಕರಾರಿನ ಮೊದಲ ಷರತ್ತೇ ಇದಾಗಿರಲಿ: ಎಡಿಟ್ ಆಗದ ಪೂರ್ತಿ ಚಿತ್ರಿಕೆ ಮಂಡಳಿಯ ಸ್ವತ್ತು, ಅದನ್ನು ಒಪ್ಪಿಸದೆ ಬಿಲ್ ಇಲ್ಲ. ನಟರಿಗೆ ಪ್ರತಿ ಕೂಟಕ್ಕೂ ಸಂಭಾವನೆ ಕೊಡಬೇಕು. ಅವರ ಮಾತನ್ನು ಯಾವುದಕ್ಕೆ ಬಳಸಬಹುದು ಎಂಬ ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಓದಿ ಹೇಳಿಯೇ ಸಹಿ ಪಡೆಯಬೇಕು.

ಜೋಪಾನ ಮಾಡುವ ಲೆಕ್ಕ ದೊಡ್ಡದಲ್ಲ. ಒಂದು ಗಂಟೆಯ ಒಳ್ಳೆಯ ಗುಣಮಟ್ಟದ ಚಿತ್ರಿಕೆ ಸುಮಾರು 45 ಜಿಬಿ. ಎರಡು ಕ್ಯಾಮೆರಾ, ಮೂವತ್ತು ಗಂಟೆ ಎಂದರೆ 2.7 ಟಿಬಿ. ನಾಲ್ಕು ಟಿಬಿಯ ಮೂರು ಡಿಸ್ಕ್ ಸಾಕು: ಒಂದು ಬೀದರಿನಲ್ಲಿ, ಒಂದು ಕಲಬುರಗಿಯಲ್ಲಿ, ಮತ್ತೊಂದು ರಾಜ್ಯದ ಬೇರೆ ಮೂಲೆಯಲ್ಲಿ. ವರ್ಷಕ್ಕೊಮ್ಮೆ ತೆರೆದು ನೋಡಬೇಕು, ಐದು ವರ್ಷಕ್ಕೊಮ್ಮೆ ಹೊಸ ಡಿಸ್ಕ್‌ಗೆ ನಕಲು ಮಾಡಬೇಕು. ಬೀರುವಿನಲ್ಲಿಟ್ಟು ಬೀಗ ಹಾಕಿದ ಡಿಸ್ಕ್ ಹತ್ತು ವರ್ಷದ ಮೇಲೆ ತಿರುಗದೇ ಹೋಗಬಹುದು.

ಹಳೆಯ 35 ಎಂಎಂ ಪ್ರಿಂಟ್ ಎಲ್ಲಾದರೂ ಸಿಕ್ಕರೆ ಮಾತ್ರ ದಯವಿಟ್ಟು ಬೀದರಿನಲ್ಲಿ ಇಡುವುದು ಬೇಡ. ಹಳೆಯ ರೀಲು ಸೆಖೆಗೆ ಹುಳಿ ವಾಸನೆ ಹೊಡೆದು, ಮುದುಡಿ ಸಾಯುತ್ತದೆ. ಒಂದು ಡಬ್ಬಿಗೆ ಶುರುವಾದರೆ ಪಕ್ಕದ ಡಬ್ಬಿಗೂ ತಗಲುತ್ತದೆ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಅದನ್ನು ಒಪ್ಪಿಸಿ, ಸ್ಕ್ಯಾನ್ ಆದ ಪ್ರತಿಯನ್ನು ಕೇಳಬಹುದು. ಸಿನಿಮಾದ ಹಕ್ಕುಸ್ವಾಮ್ಯ 60 ವರ್ಷ ಇರುತ್ತದೆ. 1982ರಲ್ಲಿ ತೆರೆಕಂಡ ಚಿತ್ರವೂ 2042ರ ಕೊನೆಯವರೆಗೆ ಹಕ್ಕುದಾರರದೇ ಸ್ವತ್ತು. ಹಾಗಾಗಿ ದೃಶ್ಯ ತೋರಿಸಲು, ಇಟ್ಟುಕೊಳ್ಳಲು ಅವರ ಲಿಖಿತ ಅನುಮತಿ ಬೇಕು. ಮಂಡಳಿಯ ಲೆಟರ್‌ಹೆಡ್‌ನಲ್ಲಿ ಹೋದ ಕೋರಿಕೆಗೆ ಇರುವ ತೂಕ ಕಲಾವಿದರ ಕೋರಿಕೆಗೆ ಇರುವುದಿಲ್ಲ, ಅದು ತಮ್ಮಿಂದಲೇ ಆಗಬೇಕು.

ಹೊಸ ಕಟ್ಟಡ ನಾವು ಕೇಳುತ್ತಿಲ್ಲ. ಬೀದರಿನ ಡಾ. ಚನ್ನಬಸವ ಪಟ್ಟದ್ದೇವರು ಜಿಲ್ಲಾ ರಂಗಮಂದಿರದಲ್ಲಿ ಒಂದು ಕೋಣೆ, ಗೋಡೆಗೆ ದಪ್ಪ ಪರದೆ, ಒಂದು ಕಂಪ್ಯೂಟರ್, ಕನ್ನಡದಲ್ಲಿ ವಿವರ ಬೆರಳಚ್ಚು ಮಾಡಬಲ್ಲ ಒಬ್ಬರು. ಬಿರಾದಾರರ ಕೆಲಸ ಮುಗಿದ ಮೇಲೆ ಅದೇ ಕೋಣೆಯಲ್ಲಿ ಕಲಬುರಗಿ, ಯಾದಗಿರಿ ಕಡೆಯ ಕಂಪನಿ ನಾಟಕದ ಹಿರಿಯ ಹಾಸ್ಯ ಕಲಾವಿದರನ್ನು ಒಬ್ಬೊಬ್ಬರಾಗಿ ಕೂಡಿಸಬಹುದು.

ಮಂಡಳಿಯ ಮುಂದಿನ ಸಭೆಯ ವಿಷಯಪಟ್ಟಿಗೆ ಇದನ್ನು ಸೇರಿಸಿ, ಹೊಣೆ ಹೊರುವ ಅಧಿಕಾರಿ ಯಾರೆಂದು ತಿಳಿಸಬೇಕು. ಹಾಳೆಯ ನಮೂನೆ, ಸಲಕರಣೆಗಳ ವಿವರ, ಒಪ್ಪಿಗೆ ಪತ್ರದ ಕರಡು ನಮ್ಮಲ್ಲಿ ಸಿದ್ಧವಿವೆ. ಕರೆದ ದಿನ ಕಲಬುರಗಿಗೆ ತಂದು ಒಪ್ಪಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಬೀದರ್ ಜಿಲ್ಲೆಯ ರಂಗಭೂಮಿ ಮತ್ತು ಸಿನಿಮಾ ಕೆಲಸಗಾರರು