ಗೋಡೆ ನೋಡುವಾಗ ಆ ಬಿಳಿ ಗೆರೆಗಳನ್ನೂ ನೋಡು

ಪ್ರೀತಿಯ ಮಂಜು,

ಬಾಸ್ಟನ್ ಸೇರಿ ಎರಡು ವರ್ಷವಾದ ಮೇಲೆ ಕೊನೆಗೂ ರೆಡ್ ಸಾಕ್ಸ್ ತಂಡದ ಬೇಸ್‌ಬಾಲ್ ಮೈದಾನ ಫೆನ್ವೇ ಪಾರ್ಕಿಗೆ ಹೊರಟಿದ್ದೀಯ. ಟಿಕೆಟ್ ತಗೊಳ್ಳೋ ಮುಂಚೆ ಇದನ್ನು ಓದಿಬಿಡು. ಬೇರೆಯವರೂ ಓದಲಿ ಅಂತಲೇ ಎಲ್ಲರೆದುರು ಬರೀತಿದ್ದೀನಿ. ಛತ್ರಿ ವಿಷಯ ಮಾತ್ರ ನಮ್ಮಿಬ್ಬರಲ್ಲೇ ಇರಲಿ.

ಗ್ರ್ಯಾಂಡ್‌ಸ್ಟ್ಯಾಂಡಿನ ನೀಲಿ ಮರದ ಸೀಟುಗಳು 1934ರ ಕಾಲದವು. ನಿನ್ನಂಥ ಉದ್ದ ಕಾಲಿನವನಿಗೆ ಮಂಡಿ ಮಡಚೋದೇ ಕಷ್ಟ. ಚಾವಣಿ ಹೊತ್ತ ಕಂಬಗಳು ಬೇರೆ ಅಡ್ಡ. ಕಂಬದ ಹಿಂದೆ ಸಿಕ್ಕಿಕೊಂಡರೆ ಚೆಂಡು ಎಸೆಯೋ ಪಿಚರ್ ಕಾಣ್ತಾನೆ, ಬ್ಯಾಟರ್ ಕಾಣೋದಿಲ್ಲ. ಬಲಗಡೆ ಮೂಲೆಯ ಸೀಟುಗಳು ಮುಖ ಮಾಡಿರೋದು ಮೈದಾನದ ನಡುವಿಗೆ, ಹಾಗಾಗಿ ಆಟ ಮುಗಿಯೋವರೆಗೂ ಕತ್ತು ಹೊರಳಿಸಿಕೊಂಡೇ ಕೂತಿರಬೇಕು. ಫಸ್ಟ್ ಬೇಸ್ ಕಡೆ, ಅಂದ್ರೆ ಬ್ಯಾಟರ್‌ಗೆ ಹತ್ತಿರದ ಬಲಬದಿಯಲ್ಲಿ ತಗೋ. ಮೈದಾನದ ಎಡತುದಿಯ ಆ ಹಸಿರು ಗೋಡೆ ನೇರ ಕಣ್ಣೆದುರಿಗೇ ಬರುತ್ತೆ.

ಆ ಗೋಡೆಯ ಎತ್ತರ 37 ಅಡಿ 2 ಅಂಗುಲ. ಎಡಗಡೆ ಗೆರೆಯ ಗುಂಟ ಬ್ಯಾಟರ್‌ನಿಂದ ಬರೀ 310 ಅಡಿ ದೂರ. 1912ರ ಏಪ್ರಿಲ್ 20ರಂದು ಪಾರ್ಕ್ ಶುರುವಾದಾಗಿಂದಲೂ ಹಿಂದೆಯೇ ಲ್ಯಾನ್ಸ್‌ಡೌನ್ ರಸ್ತೆ ಇದೆ, ಮೈದಾನ ಹಿಗ್ಗೋಕೆ ಜಾಗವೇ ಇಲ್ಲ. ಅದಕ್ಕೇ ಇಲ್ಲಿಯ ಲೆಕ್ಕವೇ ಬೇರೆ. ಬೇರೆ ಕಡೆ ಸುಲಭದ ಕ್ಯಾಚ್ ಆಗೋ ಎತ್ತರದ ಹೊಡೆತ ಇಲ್ಲಿ ಗೋಡೆ ದಾಟಿ ಹೋಮ್ ರನ್, ನಮ್ಮ ಸಿಕ್ಸರ್ ಇದ್ದ ಹಾಗೆ. ಬೇರೆ ಕಡೆ ಸೀದಾ ಹೊರಗೆ ಹೋಗೋ ಚುರುಕಾದ ಚಪ್ಪಟೆ ಹೊಡೆತ ಇಲ್ಲಿ ಗೋಡೆಗೆ ಬಡಿದು ಬ್ಯಾಟರ್ ಎರಡನೇ ಬೇಸಿನವರೆಗೆ ಓಡೋದರಲ್ಲೇ ಮುಗೀತು. ಎಡಗಡೆ ಕಾಯೋ ಲೆಫ್ಟ್ ಫೀಲ್ಡರ್ ಚೆಂಡಿನ ಹಿಂದೆ ಓಡಿದರೆ ಕೆಟ್ಟ, ಅದು ವಾಪಸ್ ಪುಟಿಯೋ ಜಾಗಕ್ಕೆ ಮೊದಲೇ ಹೋಗಿ ನಿಂತಿರಬೇಕು. 1976ರ ಮುಂಚೆ ಗೋಡೆಗೆ ತಗಡಿನ ಹೊದಿಕೆ ಇದ್ದಾಗ ಇದು ಇನ್ನೂ ಕಷ್ಟ. ಒಳಗೆ ಮರದ ಪಟ್ಟಿ ಇದ್ದ ಕಡೆ ಬಡಿದರೆ ಚೆಂಡು ಜೋರಾಗಿ ಪುಟಿಯೋದು, ಎರಡು ಪಟ್ಟಿಗಳ ನಡುವಿನ ಪೊಳ್ಳಿಗೆ ಬಡಿದರೆ ದಪ್ ಅಂತ ಅಲ್ಲೇ ಕೆಳಗೆ. ರೆಡ್ ಸಾಕ್ಸ್ ಲೆಫ್ಟ್ ಫೀಲ್ಡರ್ ಕಾರ್ಲ್ ಯಾಸ್ಟ್ರೆಮ್ಸ್ಕಿ ಆ ಗೋಡೆಯನ್ನ ಅಂಗೈ ಗೆರೆ ಓದಿದ ಹಾಗೆ ಓದುತ್ತಿದ್ದ.

ಗೋಡೆಯ ಬುಡದಲ್ಲಿ ಸ್ಕೋರ್‌ಬೋರ್ಡ್ ಇದೆ. ಇವತ್ತಿಗೂ ಕೈಯಲ್ಲೇ ಅಂಕಿ ಬದಲಿಸ್ತಾರೆ. ರನ್ನಿನ ಫಲಕ 16 ಅಂಗುಲ ಚೌಕ, ತೂಕ ಸುಮಾರು ಒಂದೂಕಾಲು ಕೆಜಿ. ಹಿಂದಿನ ಇಕ್ಕಟ್ಟು ಕೋಣೆಯಲ್ಲಿ ನಿಂತು, ಸಂದಿಯಲ್ಲಿ ಆಟ ನೋಡ್ತಾ ಫಲಕ ಸಿಕ್ಕಿಸ್ತಾರೆ.

ಈಗ ಆ ಬೋರ್ಡಿನ ನಿಂತ ಬಿಳಿ ಗೆರೆಗಳನ್ನು ನೋಡು. ಗೆರೆಯ ಮೇಲೆ ಚುಕ್ಕಿಗಳು, ಸಣ್ಣ ಪಟ್ಟಿಗಳು ಕಾಣ್ತವೆ. ಅದು ಮೋರ್ಸ್ ಕೋಡ್, ಹಳೇ ತಂತಿ ಸಂದೇಶದ ಚುಕ್ಕಿ-ಪಟ್ಟಿ ಲಿಪಿ. ಒಂದು ಕಡೆ ಟಿ, ಎ, ವೈ, ಇನ್ನೊಂದು ಕಡೆ ಜೆ, ಆರ್, ವೈ. 1933ರಲ್ಲಿ ರೆಡ್ ಸಾಕ್ಸ್ ತಂಡ ಕೊಂಡ ಟಾಮ್ ಯಾಕಿ ಮತ್ತು ಆತನ ಹೆಂಡತಿ ಜೀನ್ ಯಾಕಿಯ ಹೆಸರಿನ ಮೊದಲಕ್ಷರಗಳು.

ಇಲ್ಲಿಂದಾಚೆ ಬರೆಯೋ ಯೋಚನೆ ಇರಲಿಲ್ಲ ಕಣೋ. ಆದರೆ ಕೈ ನಿಲ್ತಾ ಇಲ್ಲ.

ಈ ತಂಡದ ಬಗ್ಗೆ ಎಲ್ಲರೂ ಹೇಳೋದು ಶಾಪದ ಕಥೆ. 1918ರಲ್ಲಿ ಚಾಂಪಿಯನ್ ಆದರು, ಮರುವರ್ಷ ಡಿಸೆಂಬರಿನಲ್ಲಿ ಮಾಲೀಕ ಹ್ಯಾರಿ ಫ್ರೇಜಿ ಒಂದು ಲಕ್ಷ ಡಾಲರಿಗೆ ಆಗಿನ ದೊಡ್ಡ ಆಟಗಾರ ಬೇಬ್ ರೂತ್‌ನನ್ನು ನ್ಯೂಯಾರ್ಕಿನ ಯಾಂಕೀಸ್ ತಂಡಕ್ಕೆ ಮಾರಿದ. ಅದರ ಜೊತೆಗೆ ಫೆನ್ವೇ ಪಾರ್ಕನ್ನೇ ಅಡವಿಟ್ಟು ಯಾಂಕೀಸ್ ಮಾಲೀಕನಿಂದ ಮೂರು ಲಕ್ಷ ಡಾಲರ್ ಸಾಲ ಎತ್ತಿದ. 1918ರ ಗೆಲುವಿನಿಂದ ಮುಂದೆ 86 ವರ್ಷ ಪಟ್ಟದ ಬರ, ಅದು ರೂತ್‌ನನ್ನು ಮಾರಿದ ಶಾಪ ಅಂತಾರೆ. 1946, 1967, 1975, 1986, ನಾಲ್ಕು ಸಲ ಫೈನಲ್ ತಲುಪಿ ನಾಲ್ಕು ಸಲವೂ ಏಳನೇ ಪಂದ್ಯದಲ್ಲಿ ಸೋಲು. ಕೊನೆಗೆ 2004ರಲ್ಲಿ ಗೆಲುವು. ಕೇಳೋಕೆ ಎಷ್ಟು ಚೆಂದ! ನಾನೂ ನಿನಗೆ ಅದನ್ನೇ ಹೇಳಿದ್ದೆ, ಎಷ್ಟು ಸಲ ಅಂತ ನಿನಗೇ ಗೊತ್ತು.

ಬಿಟ್ಟಿದ್ದು ಇದನ್ನ. ಆಗ ದೊಡ್ಡ ಲೀಗಿನ ಯಾವ ತಂಡವೂ ಕಪ್ಪು ಆಟಗಾರರನ್ನು ಸೇರಿಸ್ತಿರಲಿಲ್ಲ. 1945ರ ಏಪ್ರಿಲ್ 16ರಂದು ಜ್ಯಾಕಿ ರಾಬಿನ್ಸನ್, ಸ್ಯಾಮ್ ಜೆಥ್ರೋ, ಮಾರ್ವಿನ್ ವಿಲಿಯಮ್ಸ್ ಅನ್ನೋ ಮೂವರು ಕಪ್ಪು ಆಟಗಾರರು ಇದೇ ಮೈದಾನದಲ್ಲಿ ರೆಡ್ ಸಾಕ್ಸ್ ಆಯ್ಕೆ ಪರೀಕ್ಷೆಗೆ ಬ್ಯಾಟ್ ಬೀಸಿದರು. ನಗರಸಭೆಯ ಸದಸ್ಯ ಇಸಡೋರ್ ಮುಚ್ನಿಕ್ ಒತ್ತಡ ಹಾಕಿದ್ದಕ್ಕೆ ನಡೆದ ಪರೀಕ್ಷೆ ಅದು. ಮೂವರಲ್ಲಿ ಒಬ್ಬರನ್ನೂ ತಗೊಳ್ಳಲಿಲ್ಲ. ಆಗ ಗೋಡೆ ತುಂಬ ಜಾಹೀರಾತು. ಅದನ್ನು ಅಳಿಸಿ ಹಸಿರು ಬಳಿದದ್ದು 1947ರಲ್ಲಿ. ಅದೇ ವರ್ಷ ರಾಬಿನ್ಸನ್ ಬ್ರೂಕ್ಲಿನ್ ತಂಡದ ಪರ ದೊಡ್ಡ ಲೀಗಿನ ಕಣಕ್ಕಿಳಿದ. 1950ರಲ್ಲಿ ಜೆಥ್ರೋ ಅದೇ ಬಾಸ್ಟನ್ನಿನ ಇನ್ನೊಂದು ತಂಡ ಬ್ರೇವ್ಸ್ ಪರ ಆಡಿ ವರ್ಷದ ಹೊಸ ಆಟಗಾರ ಪ್ರಶಸ್ತಿ ಗೆದ್ದ. ರೆಡ್ ಸಾಕ್ಸ್ ತಮ್ಮ ಮೊದಲ ಕಪ್ಪು ಆಟಗಾರ ಪಂಪ್ಸಿ ಗ್ರೀನ್‌ನನ್ನು ಆಡಿಸಿದ್ದು 1959ರ ಜುಲೈ 21ಕ್ಕೆ, ಲೀಗಿನ ಹದಿನಾರು ತಂಡಗಳಲ್ಲಿ ಕಟ್ಟಕಡೆಗೆ. ಅಷ್ಟೂ ಕಾಲ ಮಾಲೀಕ ಯಾಕಿಯೇ.

ಶಾಪ ಅಂದುಬಿಟ್ಟರೆ ಯಾರನ್ನೂ ಏನೂ ಕೇಳಬೇಕಾಗಿಲ್ಲ ನೋಡು. ಎದುರಿಗೆ ಬಂದು ನಿಂತ ಆಟಗಾರನನ್ನ ವಾಪಸ್ ಕಳಿಸಿದ್ದು ಶಾಪವಲ್ಲ, ಕಚೇರಿಯಲ್ಲಿ ಕೂತು ಮಾಡಿದ ತೀರ್ಮಾನ. ನನಗೆ ಆ ಗೋಡೆ ಅಂದ್ರೆ ಪ್ರಾಣ. ಈಗ ಅದರ ಫೋಟೋ ನೋಡಿದಾಗೆಲ್ಲ ಕಣ್ಣು ಮೊದಲು ಹೋಗೋದೇ ಆ ಚುಕ್ಕಿಗಳಿಗೆ. 1977ರಲ್ಲಿ ಯಾಕಿ ವೇ ಅಂತ ಹೆಸರಿಟ್ಟಿದ್ದ ಪಕ್ಕದ ಬೀದಿ, ತಂಡವೇ ಕೇಳಿಕೊಂಡ ಮೇಲೆ 2018ರಲ್ಲಿ ಮತ್ತೆ ಜರ್ಸಿ ಸ್ಟ್ರೀಟ್ ಆಯ್ತು. ಬೀದಿಯ ಹಲಗೆ ಬದಲಿಸೋದು ಸುಲಭ.

ಸಾಕು, ನಿನ್ನ ಸಂಜೆ ಹಾಳು ಮಾಡಲ್ಲ. ಏಪ್ರಿಲ್ ಅಂತ ನಂಬಬೇಡ, ರಾತ್ರಿ ಆಟಕ್ಕೆ ದಪ್ಪ ಜಾಕೆಟ್ ಬೇಕೇ ಬೇಕು. ಬಲಗಡೆ ದೂರದಲ್ಲಿ ಹಸಿರು ಸೀಟುಗಳ ನಡುವೆ ಒಂದೇ ಒಂದು ಕೆಂಪು ಸೀಟಿದೆ, 1946ರಲ್ಲಿ ರೆಡ್ ಸಾಕ್ಸ್ ಆಟಗಾರ ಟೆಡ್ ವಿಲಿಯಮ್ಸ್ ಹೊಡೆದ 502 ಅಡಿ ಹೊಡೆತ ಬಿದ್ದ ಜಾಗ. ಅಲ್ಲಿ ನಿಂತು ಬ್ಯಾಟರ್ ಎಷ್ಟು ದೂರ ಕಾಣ್ತಾನೆ ನೋಡಿ ಹೇಳು. ಹಾಗೇ ಬಿಳಿ ಗೆರೆಗಳ ಒಂದು ಫೋಟೋ ಹತ್ತಿರದಿಂದ ತೆಗೆದು ಕಳಿಸು. ಎರಡೂ ಹೆಸರಿನ ಕೊನೇ ಅಕ್ಷರ ಒಂದೇ: ಪಟ್ಟಿ, ಚುಕ್ಕಿ, ಪಟ್ಟಿ, ಪಟ್ಟಿ.

ಮಳೆ ಬಂದರೆ ಏನು ಮಾಡಬೇಕು ಅಂತ ನಿನಗೆ ಹೇಳಬೇಕಾಗಿಲ್ಲ.

ನಿನ್ನ,
ಶೀನ