ಹಂಗಾರಕಟ್ಟೆ ಅಳಿವೆ: ಹೂಳೆತ್ತುವ ಮೊದಲು ನೀರಿನ ಲೆಕ್ಕ ಹಾಕಿಸಿ

ಮೀನುಗಾರಿಕೆ, ಬಂದರು ಮತ್ತು ಒಳನಾಡು ಜಲಸಾರಿಗೆ ಸಚಿವರಿಗೆ,

ಮಾನ್ಯರೇ,

ಉಡುಪಿ ಜಿಲ್ಲೆಯಲ್ಲಿ ಸೀತಾ ಮತ್ತು ಸ್ವರ್ಣಾ ನದಿಗಳು ಕೂಡಿ ಕಡಲು ಸೇರುವ ಕೋಡಿಬೆಂಗ್ರೆ–ಹಂಗಾರಕಟ್ಟೆಯ ಅಳಿವೆಯ ಕುರಿತು ಈ ಪತ್ರ. ಅಳಿವೆಯ ಬಾಗಿಲಲ್ಲಿ ಹೂಳು ತುಂಬಿದರೆ ಬೋಟುಗಳು ಉಬ್ಬರಕ್ಕೆ ಕಾಯಬೇಕು, ಮರಳು ದಿಬ್ಬಕ್ಕೆ ತಾಗಿ ಮಗುಚುವ ಭಯವೂ ಇರುತ್ತದೆ; ಆದ್ದರಿಂದ ಹೂಳೆತ್ತಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ನನ್ನ ತಕರಾರಿರುವುದು ಅಳಿವೆಯನ್ನು ಬೋಟಿನ ದಾರಿಯೆಂದಷ್ಟೇ ಎಣಿಸಿ ಟೆಂಡರು ಕರೆಯುವುದರ ಬಗ್ಗೆ.

ಆ ಬಾಗಿಲಲ್ಲಿ ಸಿಗಡಿಯೂ ಓಡಾಡುತ್ತದೆ. ಕಡಲಲ್ಲಿ ಹುಟ್ಟಿದ ಮರಿ ಉಬ್ಬರದೊಂದಿಗೆ ಒಳಬಂದು, ಹಿನ್ನೀರಿನ ಕೆಸರು ಮತ್ತು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳ ನಡುವೆ ಬೆಳೆದು, ಮತ್ತೆ ಕಡಲಿಗೆ ಮರಳುತ್ತದೆ. ಬಾಗಿಲು ಮುಚ್ಚಿಕೊಂಡಷ್ಟೂ ಈ ಹೋಗಿಬರುವಿಕೆ ಕುಗ್ಗುತ್ತದೆ. ಅತಿಯಾಗಿ ಆಳವಾದರೆ ಬೇಸಿಗೆಯ ಉಪ್ಪುನೀರು ಗದ್ದೆ, ಬಾವಿಗಳತ್ತ ಏರುತ್ತದೆ. ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕಿ ಬದುಕುವವರಿಗಂತೂ ಹೊಳೆಯ ತಳವೇ ಗದ್ದೆ, ಯಂತ್ರ ಇಳಿದಲ್ಲಿ ಅದು ಬುಡಸಮೇತ ಎದ್ದುಹೋಗುತ್ತದೆ.

ಅಲೆಗಳು ದಡದುದ್ದಕ್ಕೂ ಮರಳನ್ನು ಸರಿಸುತ್ತಲೇ ಇರುತ್ತವೆ. ಅದನ್ನು ಬಾಗಿಲಿನಿಂದ ಹೊರದೂಡುವುದು ಉಬ್ಬರದಲ್ಲಿ ಒಳತುಂಬಿ ಇಳಿತದಲ್ಲಿ ಹರಿದುಹೋಗುವ ನೀರು ಮತ್ತು ಅದರ ಜೊತೆಗಿನ ಹೊಳೆಯ ಸೆಳೆತ. ಹಿನ್ನೀರಿನ ಅಂಚುಗಳಿಗೆ ಮಣ್ಣು ಸುರಿದು ಸೈಟು ಮಾಡಿದಷ್ಟೂ, ಬೇಸಿಗೆಯ ಹರಿವು ಕಿಂಡಿ ಅಣೆಕಟ್ಟುಗಳ ಹಿಂದೆ ನಿಂತಷ್ಟೂ ಆ ಸೆಳೆತ ಸೊರಗುತ್ತದೆ. ಹಾಗಾದ ಮೇಲೆ ಎತ್ತಿದ ಹೂಳು ಮತ್ತೆ ಬಂದು ಕೂರುವುದರಲ್ಲಿ ಆಶ್ಚರ್ಯವೇನಿದೆ?

ಒಡಿಶಾದ ಚಿಲಿಕಾ ಸರೋವರದಲ್ಲಿ 2000ನೇ ಇಸವಿಯ ಸೆಪ್ಟೆಂಬರಿನಲ್ಲಿ ಹೊಸ ಬಾಗಿಲು ತೆರೆಯುವ ಮುನ್ನ ನೀರಿನ ಚಲನೆಯ ಅಧ್ಯಯನ ನಡೆಸಲಾಗಿತ್ತು. 1999-2000ರಲ್ಲಿ 2 ಸಾವಿರ ಟನ್ನಿಗೂ ಕಡಿಮೆಯಿದ್ದ ಅಲ್ಲಿನ ಮೀನಿನ ಇಳುವರಿ ಎರಡೇ ವರ್ಷಗಳಲ್ಲಿ 10 ಸಾವಿರ ಟನ್ ದಾಟಿತು. ಚಿಲಿಕಾ ವಿಶಾಲ ಸರೋವರ, ನಮ್ಮದು ಹೊಳೆಬಾಯಿ. ಅಲ್ಲಿನ ಅಗೆತವನ್ನು ಇಲ್ಲಿ ನಕಲು ಮಾಡಿ ಎನ್ನುತ್ತಿಲ್ಲ, ಮೊದಲು ಅಳೆದು ಆಮೇಲೆ ಅಗೆದ ಕ್ರಮವನ್ನು ಅನುಸರಿಸಿ ಎನ್ನುತ್ತಿದ್ದೇನೆ.

ಆದಕಾರಣ ಮುಂದಿನ ಟೆಂಡರಿಗೆ ಮೊದಲು ಕನಿಷ್ಠ ಒಂದು ಪೂರ್ಣ ವರ್ಷದ ಹರಿವು, ಉಪ್ಪಿನಂಶ ಮತ್ತು ಮರಳಿನ ಚಲನೆಯನ್ನು ಅಳೆಸಬೇಕು. ಮರುವಾಯಿ ಇರುವ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ ಯಂತ್ರವನ್ನು ಅಲ್ಲಿಂದ ದೂರವಿಡಬೇಕು. ಎತ್ತಿದ ಶುದ್ಧ ಮರಳನ್ನು ಕೊರೆತಕ್ಕೆ ಸಿಕ್ಕ ಕಡಲತೀರಕ್ಕೇ ಮರಳಿಸಬೇಕು. ಮಳೆಗಾಲದ ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ ಕೆಲಸ ಮುಗಿಸಬಹುದೆಂದು ಕಾಗದದ ಮೇಲೆ ತೋರೀತು, ಆದರೆ ಜೂನ್ ತಿಂಗಳ ಅಳಿವೆಯನ್ನು ಒಮ್ಮೆ ಕಂಡವರು ಹಾಗೆ ಹೇಳಲಾರರು. ಕೆಲಸದ ಸಮಯವನ್ನು ನಾಡದೋಣಿಯವರು, ಬೋಟಿನವರು ಮತ್ತು ಮರುವಾಯಿ ಹೆಕ್ಕುವ ಹೆಂಗಸರು ಜೊತೆಗೆ ಕುಳಿತು ನಿಶ್ಚಯಿಸಲಿ. ಆ ಸಭೆಯನ್ನು ತಾವು ಕೋಡಿಬೆಂಗ್ರೆಯ ದಡದಲ್ಲೇ, ದಿಬ್ಬಗಳು ಕಾಣುವ ಇಳಿತದ ಹೊತ್ತಿಗೆ ಕರೆಯಬೇಕೆಂದು ವಿನಂತಿಸುತ್ತೇನೆ.

ಇಂತಿ,
ಸ್ವರ್ಣಾ ತೀರದ ನಿವಾಸಿ