ಮರುಟಿಕೆಟ್ ಮಾಡುವಾಗ ಕೆಟಿಎನ್ ಕೈಬಿಟ್ಟ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಬೆಂಗಳೂರು ಕಚೇರಿ

ವಿಷಯ: ಡಲ್ಲಾಸ್–ಬೆಂಗಳೂರು ಟಿಕೆಟ್‌ನಲ್ಲಿ ನೋನ್ ಟ್ರಾವೆಲರ್ ನಂಬರ್ (ಕೆಟಿಎನ್) ಬಿಟ್ಟುಹೋದದ್ದು, ಮಗಳ ಪಿಎನ್‌ಆರ್ ಬೇರೆ ಮಾಡಿದ್ದು

ಮಾನ್ಯರೇ,

ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ. ವಿಮಾನದ ವೇಳೆ ಬದಲಾಯಿತೆಂದು ನೀವು ನಮ್ಮ ನಾಲ್ವರ ಟಿಕೆಟ್ ಮತ್ತೆ ಇಶ್ಯೂ ಮಾಡಿದಿರಿ. ಮೊದಲೇ ಪರಿಶೀಲನೆಯಾದ ಪ್ರಯಾಣಿಕರಿಗೆ ಅಮೆರಿಕ ಸರ್ಕಾರ ಕೊಡುವ ನಂಬರಾದ ಕೆಟಿಎನ್, ನಮ್ಮಿಬ್ಬರದೂ, ಹೊಸ ಬುಕಿಂಗ್‌ಗೆ ಬರಲೇ ಇಲ್ಲ. ನಮ್ಮನ್ನು ಕೇಳದೆಯೇ ಹದಿನಾಲ್ಕು ವರ್ಷದ ಮಗಳನ್ನು ಬೇರೆ ಪಿಎನ್‌ಆರ್‌ಗೆ (ಬುಕಿಂಗ್ ಸಂಖ್ಯೆಗೆ) ಹಾಕಿದಿರಿ.

ಅಮೆರಿಕದ ಕನ್ನಡಿಗರಿಗೆ ಟಿಕೆಟ್ ಮಾಡಿಕೊಡುವುದೇ ನಿಮ್ಮ ಕಸುಬು. ಪ್ರಯಾಣಿಕರ ವಿವರವನ್ನು ಮೊದಲೇ ಪರಿಶೀಲಿಸುವ ಅಮೆರಿಕದ ಸೆಕ್ಯೂರ್ ಫ್ಲೈಟ್ ನಿಯಮ ನಿಮಗೆ ಗೊತ್ತಿರಲೇಬೇಕು. ಹೆಸರು, ಹುಟ್ಟಿದ ದಿನಾಂಕ, ಲಿಂಗ ಬುಕಿಂಗ್ ದಾಖಲೆಯ ಡಾಕ್ಸ್ ಎಂಬ ಸಾಲಿನಲ್ಲಿ ಹೋಗುತ್ತವೆ. ಕೆಟಿಎನ್ ಡಾಕೋ ಎಂಬ ಸಾಲಿನಲ್ಲಿ ‘ಕೆ’ ಗುರುತಿನೊಂದಿಗೆ ಹೋಗಬೇಕು. ಅದು ಏರ್‌ಲೈನ್ ಮೂಲಕ ಟಿಎಸ್‌ಎಗೆ (ಅಮೆರಿಕದ ವಿಮಾನ ನಿಲ್ದಾಣಗಳ ಭದ್ರತಾ ಸಂಸ್ಥೆಗೆ) ತಲುಪಿದರೆ ಮಾತ್ರ ಬೋರ್ಡಿಂಗ್ ಪಾಸ್ ಮೇಲೆ ಪ್ರಿಚೆಕ್ ಗುರುತು, ಅಂದರೆ ಸುಲಭ ತಪಾಸಣೆಯ ಲೇನ್‌ಗೆ ಬಿಡುವ ಗುರುತು, ಮೂಡುವುದು. ಅಮೆರಿಕಕ್ಕೆ ಬಂದಿಳಿದಾಗ ತಪಾಸಣೆ ಬೇಗ ಮುಗಿಸುವ ಗ್ಲೋಬಲ್ ಎಂಟ್ರಿ ಯೋಜನೆಯ ಕಾರ್ಡಿನ ಹಿಂದಿರುವ ಒಂಬತ್ತು ಅಂಕಿಯ ಪಾಸ್‌ಐಡಿಯೇ ಆ ನಂಬರು. ಅದಕ್ಕಾಗಿ ತಲಾ 120 ಡಾಲರ್ ಕಟ್ಟಿ, ಬೆರಳಚ್ಚು ಕೊಟ್ಟು, ಸಂದರ್ಶನ ಮುಗಿಸಿ, ಐದು ವರ್ಷದ ಅನುಮತಿ ಪಡೆದವರು ನಾವು.

ಚೆಕ್-ಇನ್ ಕೌಂಟರಿನಲ್ಲಿ ಗುರುತಿಲ್ಲದ ಪಾಸ್ ಕೈಗೆ ಬಂದಾಗ ನಿಮಗೆ ಕರೆ ಮಾಡಿದೆ. ಗದ್ದಲದಲ್ಲಿ ಏನೂ ಕೇಳಿಸದೆ ಸ್ಪೀಕರ್ ಹಾಕಿದ್ದೆ. ನಿಮ್ಮವರು ಮೊದಲು, ‘ಕೆಟಿಎನ್ ಅಂದ್ರೆ ಪಿಎನ್‌ಆರ್ ತಾನೇ ಸರ್?’ ಎಂದರು. ಅಲ್ಲವೆಂದೆ. ನಂಬರನ್ನು ಒಂದೊಂದೇ ಅಂಕಿಯಾಗಿ ಓದಿಸಿ, ಹೋಲ್ಡ್‌ನಲ್ಲಿಟ್ಟು, ಬಂದು ಮತ್ತೆ ಓದಿಸಿದರು. ‘ಹಾಕಿದೀವಿ ಸರ್, ರಿಡ್ರೆಸ್ ನಂಬರ್ ಕಾಲಂನಲ್ಲಿದೆ, ಎರಡೂ ಒಂದೇ’ ಎಂದರು. ಒಂದೇ ಅಲ್ಲ! ರಿಡ್ರೆಸ್ ಇರುವುದು ತಪ್ಪು ಗುರುತಿನಿಂದ ಪದೇಪದೇ ತಡೆಹಿಡಿಯಲ್ಪಟ್ಟವರಿಗೆ. ಇದನ್ನು ಹೇಳಿದಾಗ ಬಂದ ಉತ್ತರ: ‘ಹಾಗಾದ್ರೆ ನಿಮ್ಮ ಬ್ಯಾಕ್‌ಗ್ರೌಂಡ್ ಚೆಕ್ಕೇ ಫೇಲ್ ಆಗಿರಬಹುದು, ಗೌರ್ಮೆಂಟ್‌ನೋರು ಸುಮ್ನೆ ನಿಲ್ಲಿಸಲ್ಲ.’ ಬೆಂಗಳೂರಿಗೆ ಹೊರಟ ಸಾಲು ಅದು. ಹಿಂದೆ ನಿಂತವರಲ್ಲಿ ಕನ್ನಡದವರೇ ಹೆಚ್ಚು. ಎಲ್ಲರೂ ತಿರುಗಿ ನೋಡಿದರು, ಮಗಳು ತಲೆ ತಗ್ಗಿಸಿದಳು. ಕೊನೆಗೆ, ‘ಕಾರ್ಡ್ ತೋರ್ಸಿ ಸರ್, ಬಿಡ್ತಾರೆ’ ಎಂದು ಕರೆ ಮುಗಿಸಿದರು. ಗ್ಲೋಬಲ್ ಎಂಟ್ರಿ ಕಾರ್ಡ್ ತೋರಿಸಿದರೆ ಪ್ರಿಚೆಕ್ ಲೇನ್‌ಗೆ ಬಿಡುವುದಿಲ್ಲ, ಪಾಸ್ ಮೇಲೆ ಗುರುತು ಇರಬೇಕು. ಇಷ್ಟೂ ತಿಳಿಯದವರನ್ನು ಫೋನಿಗೆ ಕೂರಿಸಿದ್ದೀರಿ.

ಕೌಂಟರಿನ ಸಿಬ್ಬಂದಿ ನಮ್ಮ ನಂಬರುಗಳನ್ನು ಸರಿಯಾದ ಜಾಗಕ್ಕೆ ಹಾಕಿ ಪಾಸ್ ಮತ್ತೆ ಪ್ರಿಂಟ್ ಮಾಡಿದರು. ಗುರುತು ಬಂತು. ಹಾಗಾಗಿ ‘ಪ್ರಿಚೆಕ್ ಪ್ರತಿ ಸಲ ಸಿಗುತ್ತದೆಂಬ ಖಾತ್ರಿಯಿಲ್ಲ’ ಎಂಬ ನಿಮ್ಮ ಇಮೇಲ್ ಉತ್ತರ ಇಲ್ಲಿ ಸಲ್ಲದು. ಆದರೆ ಮಗಳ ಪಾಸ್ ಹಾಗೇ ಉಳಿಯಿತು. ಹನ್ನೆರಡು ವರ್ಷದವರೆಗಿನ ಮಕ್ಕಳು ಪಾಲಕರ ಜೊತೆ ಆ ಲೇನ್‌ನಲ್ಲಿ ಹೋಗಬಹುದು, ಮಗನಿಗೆ ತೊಂದರೆಯಿರಲಿಲ್ಲ. ಸ್ವಂತ ಕೆಟಿಎನ್ ಇಲ್ಲದ 13ರಿಂದ 17ರವರು ಪಾಲಕರೊಂದಿಗೆ ಒಂದೇ ಬುಕಿಂಗ್‌ನಲ್ಲಿರಬೇಕು, ಅವರ ಪಾಸ್ ಮೇಲೂ ಗುರುತಿರಬೇಕು. ಅವಳೊಬ್ಬಳನ್ನು ಬಿಟ್ಟು ಹೋಗಲಾದೀತೇ? ನಾಲ್ವರೂ ಸಾಮಾನ್ಯ ಸಾಲಿಗೆ ಹೋದೆವು. ಶೂ ಬಿಚ್ಚಿಸುವುದು 2025ರ ಜುಲೈನಲ್ಲಿ ಎಲ್ಲರಿಗೂ ನಿಂತಿದೆ. ಆದರೆ ಪ್ರಿಚೆಕ್‌ನಲ್ಲಿ ತೆಗೆಯಬೇಕಿಲ್ಲದ ಲ್ಯಾಪ್‌ಟಾಪ್, ಬೆಲ್ಟ್, ಜಾಕೆಟ್ ಎಲ್ಲ ಟ್ರೇಗೆ ಹೋದವು.

ಇನ್ನೊಂದು ಮಾತು. ನಿಮ್ಮ ಫಾರಂ ನಮ್ಮವರ ಇನಿಷಿಯಲ್ಲನ್ನು ಒಂದೇ ಅಕ್ಷರವಾಗಿ ತೆಗೆದುಕೊಳ್ಳುತ್ತದೆ. ಪಾಸ್‌ಪೋರ್ಟ್‌ನಲ್ಲಿ, ಕೆಟಿಎನ್ ದಾಖಲೆಯಲ್ಲಿ ಊರ ಹೆಸರು ಪೂರ್ತಿ ಇದ್ದರೆ ಎರಡೂ ತಾಳೆಯಾಗದೆ ಗುರುತು ತಪ್ಪುತ್ತದೆ. ಮೊದಲು ಅದನ್ನು ಸರಿಪಡಿಸಿ.

ಹದಿನೈದು ದಿನದೊಳಗೆ ಲಿಖಿತ ಕ್ಷಮೆ ಮತ್ತು ಮರುಟಿಕೆಟ್ ಶುಲ್ಕ ವಾಪಸ್ ಬರಬೇಕು. ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಬೆಂಗಳೂರಿನ ಜಿಲ್ಲಾ ಆಯೋಗದಲ್ಲಿ ದಾವೆ ಹೂಡುತ್ತೇನೆ. ಟಿಕೆಟ್ ಏಜೆಂಟರ ಮೇಲಿನ ದೂರನ್ನು ಅಮೆರಿಕದ ಸಾರಿಗೆ ಇಲಾಖೆಯೂ ಸ್ವೀಕರಿಸುತ್ತದೆ, ಅಲ್ಲಿಗೂ ಹೋಗುತ್ತದೆ. ನಮ್ಮ ಕನ್ನಡ ಕೂಟದ ಬೇಸಿಗೆ ಬುಕಿಂಗ್ ಒಂದೂ ನಿಮ್ಮ ಬಾಗಿಲಿಗೆ ಬಾರದಂತೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ.

ಇತಿ,
ನೊಂದ ಗ್ರಾಹಕ